ಕಣ್ಣು ತಪ್ಪಿಸಿ

ಅಂಗಳದ ಮರದ ಗೊಂಬೆಮನೆಯ ಹಿಂದೆ ಬಗ್ಗಿಕೊಂಡು ಕಮಲಮ್ಮ ಗೇಟಿನವರೆಗೆ ಬಂದಾಗಿತ್ತು. ಇನ್ನು ಚಿಲಕವನ್ನು ಸದ್ದಾಗದಂತೆ ಎತ್ತಿಬಿಟ್ಟರೆ ಮುಗಿಯಿತು. ಮಂಡಿ ಗೋಳಿಡುತ್ತಿತ್ತು, ಇಡಲಿ. ಆಚೆ ಮರಳಿನ ಗುಂಡಿಯ ಹತ್ತಿರ ಮೊಮ್ಮಗಳು ಲಾಸ್ಯಾ ಬೆನ್ನು ಮಾಡಿ ನಿಂತಿದ್ದಳು. "ಅಲ್ನೋಡು ಪುಟ್ಟಿ, ಎಷ್ಟು ಚೆನ್ನಾಗಿದೆ ಲಾರಿ!" ಎಂದು ಅವಳನ್ನು ಆ ಕಡೆ ತಿರುಗಿಸಿ ಬಂದದ್ದು ಇವರೇ. ಮರಳಿನಲ್ಲಿ ಹಳದಿ ಲಾರಿಯೇನೋ ಇತ್ತು, ಸುಳ್ಳಲ್ಲ.

"ಕಮಲಾ, ಲಾಸ್ಯಾಗೆ ಬೈ ಹೇಳಿದಿರಾ?"

ಇಂಗ್ಲಿಷಿನಲ್ಲಿ ಬಂದ ಪ್ರಶ್ನೆಗೆ ಕಮಲಮ್ಮ ಬೆಚ್ಚಿ ನೆಟ್ಟಗಾದರು. ಶಿಶುವಿಹಾರದ ಟೀಚರ್ ಮಾರಮಾ ಕೈಯಲ್ಲೊಂದು ಬಣ್ಣದ ಡಬ್ಬಿ ಹಿಡಿದು ನಿಂತಿದ್ದಳು. ಮೊಮ್ಮಗಳ ಟೀಚರು ತನ್ನನ್ನು ಹೆಸರು ಹಿಡಿದು ಕರೆಯುವುದು, ಮೂರು ನಾಲ್ಕು ವರ್ಷದ ಚಿಳ್ಳೆಗಳೆಲ್ಲ ಟೀಚರನ್ನೂ ಹೆಸರು ಹಿಡಿದೇ ಕೂಗುವುದು, ಇವೆರಡೂ ಕಮಲಮ್ಮನಿಗೆ ಇನ್ನೂ ಗಂಟಲಲ್ಲಿ ಇಳಿದಿರಲಿಲ್ಲ. ಆದರೂ ಚಿತ್ರದುರ್ಗದ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಜೀವಮಾನವೆಲ್ಲ ದುಡಿದವರು, ಇಂಗ್ಲಿಷಿಗೆ ಹೆದರುವವರಲ್ಲ.

"ಹೇಳಿದರೆ ಅಳುತ್ತಾಳೆ," ಎಂದರು.

"ಅಳಲಿ. ನಾನಿದ್ದೀನಲ್ಲ."

ಅಳಲಿ! ಇದೆಂಥ ಮಾತು? ಕಮಲಮ್ಮನ ಮನೆತನದಲ್ಲಿ ಮಗುವಿಗೆ ಹೇಳಿ ಹೊರಟವರು ಯಾರೂ ಇಲ್ಲ. ಕಾಗೆ ತೋರಿಸಬೇಕು, ಹಲ್ಲಿ ತೋರಿಸಬೇಕು, ಬಾಯಿಗೊಂದು ಚೂರು ಬೆಲ್ಲ ಹಾಕಬೇಕು, ಹಿತ್ತಲ ಬಾಗಿಲಿಂದ ಜಾರಿಕೊಳ್ಳಬೇಕು. ಮಗ ಕೇದಾರ್ ಬೆಳೆದದ್ದೂ ಹಾಗೆಯೇ. ಈಗ ಆಕ್ಲೆಂಡಿನಲ್ಲಿ ನೀರಿನ ಪೈಪುಗಳ ಎಂಜಿನಿಯರಾಗಿ ತನ್ನ ಕಾಲ ಮೇಲೆ ನಿಂತಿಲ್ಲವೆ? ಅವನಿಗೇನು ಕೊರತೆಯಾಯಿತು?

ಮಾರಮಾ ವಾದಕ್ಕೆ ಇಳಿಯಲಿಲ್ಲ. "ಊಟದ ಹೊತ್ತಿಗೆ ಬನ್ನಿ. ಇಲ್ಲಿನ ಅಡುಗೆಮನೆ ಕಿಟಕಿಯಿಂದ ಸುಮ್ಮನೆ ನೋಡಿ," ಎಂದಳು.

ಮನೆ ಇದ್ದದ್ದು ಅದೇ ಮೌಂಟ್ ಆಲ್ಬರ್ಟ್ ಬಡಾವಣೆಯಲ್ಲೇ, ನ್ಯೂ ನಾರ್ತ್ ರೋಡ್ ದಾಟಿದರೆ ಎರಡು ತಿರುವು. ಮಗ, ಸೊಸೆ ಸಂಯುಕ್ತಾ ಇಬ್ಬರೂ ಕೆಲಸಕ್ಕೆ ಹೋದ ಮೇಲೆ ಮಗುವನ್ನು ಬಿಡುವುದೂ ಕರೆತರುವುದೂ ಕಮಲಮ್ಮನ ಪಾಲಿಗೆ ಬಂದಿತ್ತು. ಅವತ್ತು ಹುಳಿಗೆ ಒಗ್ಗರಣೆ ಕೊಟ್ಟವರೇ ಮತ್ತೆ ಹೊರಟರು. ಶಿಶುವಿಹಾರದ ಅಡುಗೆಮನೆಗೆ ಹೋಗಿ ಕಿಟಕಿಯಿಂದ ಇಣುಕಿದರು.

ಉಳಿದ ಮಕ್ಕಳ ಬ್ಯಾಗುಗಳೆಲ್ಲ ಗೋಡೆಯ ಕೊಕ್ಕೆಗಳಲ್ಲಿ ತೂಗುತ್ತಿದ್ದವು. ಲಾಸ್ಯಾಳ ಬ್ಯಾಗು ಅವಳ ಬೆನ್ನ ಮೇಲೇ ಇತ್ತು. ಒಂದು ಕೈಯಲ್ಲಿ ಮಾರಮಾಳ ಲಂಗವನ್ನು ಮುಷ್ಟಿಕಟ್ಟಿ ಹಿಡಿದಿದ್ದಳು. ಮಾರಮಾ ಬಣ್ಣ ಕಲಸಲು ಹೋದರೆ ಇವಳೂ ಹೋದಳು, ಯಾರದೋ ಮೂಗು ಒರೆಸಲು ಹೋದರೆ ಇವಳೂ ಹೋದಳು. ಗುಂಗುರು ಕೂದಲಿನ ಗುಂಡುಗುಂಡಗಿನ ಹುಡುಗ, ಟೋಂಗಾ ದೇಶದವರ ಮಗು ಸಿಯೋನೆ, ಒಂದು ಬಕೆಟ್ ತಂದು ಅವಳ ಮುಂದೆ ಹಿಡಿದ. ಲಾಸ್ಯಾ ಬಕೆಟ್ ನೋಡಿದಳು. ಅದನ್ನು ತೆಗೆದುಕೊಳ್ಳಬೇಕಾದರೆ ಲಂಗ ಬಿಡಬೇಕಿತ್ತು. ಬಿಡಲಿಲ್ಲ. ಹುಡುಗ ಸ್ವಲ್ಪ ಹೊತ್ತು ಕಾದು ಹೊರಟುಹೋದ.

"ಅವಳಿಗೆ ಆಟ ಬೇಕು," ಎಂದಳು ಮಾರಮಾ ಆಮೇಲೆ. "ಆದರೆ ಕಣ್ಣು ಬೇರೆ ಕಡೆ ಹೋದರೆ ಜನ ಮಾಯವಾಗುತ್ತಾರೆ ಅಂತ ತಿಳಿದಿದ್ದಾಳೆ. ಹಾಗಿದ್ದ ಮೇಲೆ ಹೇಗೆ ಆಡುತ್ತಾಳೆ ಹೇಳಿ?"

ಕಮಲಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಟರು. ಲಾರಿ ತೋರಿಸಿದ್ದು ತಾನೇ ಅಲ್ಲವೆ? ಮನೆ ತಲುಪುವವರೆಗೂ ಸಿಟ್ಟು, ಯಾರ ಮೇಲೆ ಅಂತಲೇ ಗೊತ್ತಾಗದ ಸಿಟ್ಟು.

ಮರುದಿನ ಅವರು ಮೊಮ್ಮಗಳ ಎದುರು ಕುಕ್ಕರುಗಾಲಲ್ಲಿ ಕೂತು, ಮುಖ ನೋಡಿ ಹೇಳಿದರು: "ಪುಟ್ಟಿ, ಅಜ್ಜಿ ಈಗ ಮನೆಗೆ ಹೋಗ್ತೀನಿ. ನೀವೆಲ್ಲ ಚಾಪೆ ಮೇಲೆ ಕೂತು ಕಥೆ ಕೇಳ್ತೀರಲ್ಲ, ಅದು ಮುಗಿದ ಮೇಲೆ ಬರ್ತೀನಿ." ಲಾಸ್ಯಾ ಕಿರುಚಿದ್ದು ಎದುರು ಸಾಲಿನ ಮನೆಗಳಿಗೂ ಕೇಳಿಸಿರಬೇಕು. ಸೀರೆಗೆ ಜೋತುಬಿದ್ದವಳನ್ನು ಮಾರಮಾ ಎತ್ತಿಕೊಂಡಳು. ಕಮಲಮ್ಮ ಮೂಲೆಯ ಡೈರಿ ಅಂಗಡಿಯವರೆಗೆ ನಡೆದು, ಹಾಲು ಬೇಕಿಲ್ಲದಿದ್ದರೂ ಹಾಲು ಕೊಂಡು, ಅಲ್ಲೇ ನಿಂತು ಕಣ್ಣೊರೆಸಿಕೊಂಡರು. ಆದರೆ ಕಥೆ ಮುಗಿಯುವ ಮೊದಲೇ ಗೇಟಿನಲ್ಲಿ ಹಾಜರಿದ್ದರು. ಅದರ ಮರುದಿನವೂ ಹಾಗೆಯೇ, ಆಚೆ ದಿನವೂ ಹಾಗೆಯೇ.

ಅಳು ಎರಡು ವಾರ ಹಿಡಿಯಿತು. ಮೊದಲು ಬ್ಯಾಗು ಕೊಕ್ಕೆಗೆ ಹೋಯಿತು. ಆಮೇಲೆ ಲಂಗ ಬಿಟ್ಟಳು. ಬಿಟ್ಟವಳು ಸುಮ್ಮನಿದ್ದಾಳೆಯೇ? ಹಳದಿ ಲಾರಿಗಾಗಿ ಸಿಯೋನೆಯ ಜೊತೆ ಕಾದಾಟ! ಅವನು ನೂಕಿದ, ಇವಳು ಮರಳು ಎರಚಿದಳು. ಕರೆದುಕೊಂಡು ಹೋಗಲು ಬಂದಿದ್ದ ಕಮಲಮ್ಮ ಓಡಿ ಹೋಗಿ, "ಲಾಸ್ಯಾ, ಸಾರಿ ಕೇಳೇ ಮೊದ್ಲು!" ಎಂದು ಕಣ್ಣು ಬಿಟ್ಟರು. ಮಾರಮಾ ಬೇಡವೆಂದು ಕೈಯಾಡಿಸಿದಳು. ಇಬ್ಬರ ನಡುವೆ ಮರಳಲ್ಲೇ ಕೂತು, ನಿನಗೇನು ಬೇಕಿತ್ತು ಅವನಿಗೆ ಹೇಳು, ನಿನಗೇನು ಬೇಕಿತ್ತು ಅವಳಿಗೆ ಹೇಳು ಎಂದು ಒಂದೊಂದೇ ಮಾತು ಹೊರಡಿಸಿದಳು. ಇಷ್ಟುದ್ದದ ಮಕ್ಕಳಿಗೆ ಎಂಥ ಪಂಚಾಯ್ತಿ ಇದು ಎಂದುಕೊಂಡ ಕಮಲಮ್ಮ, ಸ್ವಲ್ಪ ಹೊತ್ತಿನಲ್ಲೇ ಸಿಯೋನೆ ಲಾರಿ ಓಡಿಸುವುದನ್ನೂ ಲಾಸ್ಯಾ ಅದಕ್ಕೆ ಮರಳು ತುಂಬುವುದನ್ನೂ ನೋಡಿ ಬಾಯಿ ಮುಚ್ಚಿಕೊಂಡರು. ಅವತ್ತು ಮೊಮ್ಮಗಳನ್ನು ಮನೆಗೆ ಹೊರಡಿಸುವುದೇ ಸಾಹಸವಾಯಿತು.

ವೀಸಾದ ಆರು ತಿಂಗಳು ಕರಗಿದ್ದು ಗೊತ್ತೇ ಆಗಲಿಲ್ಲ. ದುರ್ಗದಿಂದ ಗಂಡ ತಿಪ್ಪೇಸ್ವಾಮಿ ದಿನಾ ಫೋನು ಮಾಡಿ ಹುಣಸೆಹಣ್ಣು ಎಲ್ಲಿದೆ, ಮಿಕ್ಸಿಯ ಮುಚ್ಚಳ ಎಲ್ಲಿದೆ ಎಂದು ಕೇಳುತ್ತಿದ್ದರು. ಅದರ ಅರ್ಥ ಬೇಗ ಬಾ ಎಂದೇ ಇತ್ತು. ಹೊರಡುವ ಹಿಂದಿನ ಸಂಜೆ ಸೂಟ್‌ಕೇಸಿಗೆ ಜಿಪ್ ಎಳೆಯುತ್ತ ಕೇದಾರ್ ತನ್ನ ಏರ್ಪಾಡು ಹೇಳಿದ.

"ಅಮ್ಮಾ, ನಾಳೆ ಎಂದಿನ ಹಾಗೇ ಲಾಸ್ಯಾನ ಬಿಟ್ಬಿಡೋಣ. ಅಲ್ಲಿಂದ ಸೀದಾ ಏರ್‌ಪೋರ್ಟು. ಮಧ್ಯಾಹ್ನ ಸಂಯುಕ್ತಾ ಪಿಕಪ್ ಮಾಡ್ತಾಳೆ. ಅಜ್ಜಿ ಊರಿಗೆ ಹೋದ್ರು ಅಂತ ಆಮೇಲೆ ನಿಧಾನಕ್ಕೆ ಹೇಳಿದ್ರಾಯ್ತು. ಈಗ ಹೇಳೋದೇ ಬೇಡ."

ನಿಜ ಹೇಳಬೇಕೆಂದರೆ ಕಮಲಮ್ಮನಿಗೆ ಮೊದಲು ಹಾಯೆನಿಸಿತು. ಆ ಕೂಸಿನ ಅಳು ನೋಡಿಕೊಂಡು ವಿಮಾನ ಹತ್ತುವ ಗುಂಡಿಗೆ ತನಗೆಲ್ಲಿದೆ? ಅಷ್ಟರಲ್ಲಿ ಲಾಸ್ಯಾ ಹಲ್ಲುಜ್ಜುವ ಬ್ರಷ್ ಹಿಡಿದು ಬಂದು, ದಿನಾ ಕೇಳುವ ಪ್ರಶ್ನೆಯನ್ನೇ ತನ್ನ ಇಂಗ್ಲಿಷಿನಲ್ಲಿ ಕೇಳಿದಳು: "ಅಜ್ಜಿ, ನಾಳೆ ನನ್ನನ್ನ ಪಿಕಪ್ ಮಾಡೋದು ಯಾರು?"

ಬಾಯಿ ತುದಿಗೆ 'ನಾನೇ' ಬಂದಿತ್ತು. ಕಮಲಮ್ಮ ನುಂಗಿಕೊಂಡರು. "ಅಮ್ಮ ಬರ್ತಾಳೆ," ಎಂದರು. ಲಾಸ್ಯಾ ಸರಿಯೆಂದು ಹೋದಳು. ಮಗು ಹೋದದ್ದೇ ಕಮಲಮ್ಮ ಮಗನ ಕಡೆ ತಿರುಗಿದರು.

"ನಾನು ಹೇಳಿಯೇ ಹೋಗ್ತೀನಿ ಕಣೋ."

"ಅಮ್ಮಾ, ಪ್ಲೀಸ್. ರಂಪ ಮಾಡ್ತಾಳೆ."

"ಮಾಡ್ಲಿ."

"ನೀನು ಫ್ಲೈಟ್ ಹತ್ತಿ ಹೋಗಿಬಿಡ್ತೀಯ. ಸಮಾಧಾನ ಮಾಡ್ಬೇಕಾದೋರು ನಾವು!" ಕೇದಾರನ ದನಿ ಏರಿತು. ಅವನು ಹೇಳಿದ್ದರಲ್ಲಿ ತಪ್ಪೇನಿತ್ತು?

"ಇಷ್ಟು ದಿನ ಅವಳ ಹತ್ರ ಒಂದು ಸುಳ್ಳೂ ಆಡಿಲ್ಲ ನಾನು, ಆ ಮೊದಲ ವಾರ ಬಿಟ್ರೆ," ಎಂದರು ಕಮಲಮ್ಮ. "ಈಗ ಕದ್ದು ಹೋದ್ರೆ ಮತ್ತೆ ಬ್ಯಾಗು ಬೆನ್ನಿಗೇರಿಸ್ತಾಳೆ ಕಣೋ ಅವಳು. ನಿನ್ ಮೇಲೂ ನಂಬಿಕೆ ಇರಲ್ಲ, ಸಂಯುಕ್ತಾ ಮೇಲೂ ಇರಲ್ಲ."

ಬಟ್ಟೆ ಮಡಚುತ್ತಿದ್ದ ಸೊಸೆ ಸಂಯುಕ್ತಾ ಅಲ್ಲಿಯವರೆಗೆ ಗಂಡನ ಕಡೆಗೇ ಇದ್ದವಳು. "ಅತ್ತೆ ಹೇಳೋದು ಸರಿ ಕೇದಾರ್," ಎಂದಳು. "ಮಧ್ಯಾಹ್ನ ಅಜ್ಜಿ ಎಲ್ಲಿ ಅಂತ ಅವಳು ಕೇಳೋದು ನನ್ನನ್ನ. ಆವಾಗ ನಾನು ಅವಳ ಮುಖ ನೋಡ್ಬೇಕಲ್ವಾ?"

"ಏನಾದ್ರೂ ಮಾಡ್ಕೊಳಿ," ಎಂದು ಕೇದಾರ್ ಸೂಟ್‌ಕೇಸು ಎತ್ತಿಕೊಂಡು ಕಾರಿಗೆ ಇಡಲು ಹೋದ. ಇಟ್ಟು ಬರಲು ಬಹಳ ಹೊತ್ತು ತೆಗೆದುಕೊಂಡ.

ಬೆಳಿಗ್ಗೆ ಕಮಲಮ್ಮ ಮೊಮ್ಮಗಳೊಡನೆ ನಡೆದೇ ಹೊರಟರು. ಕೇದಾರ್ ಹಿಂದಿನಿಂದ ಕಾರು ತರುವುದೆಂದಾಗಿತ್ತು. ರಸ್ತೆ ದಾಟಿದ ಮೇಲೆ, ಬಸ್ಸಿನ ಗದ್ದಲ ಕಡಿಮೆಯಾದಲ್ಲಿ, ಅವರು ನಿಂತರು.

"ಪುಟ್ಟಿ, ಅಜ್ಜಿ ಇವತ್ತು ವಿಮಾನದಲ್ಲಿ ಊರಿಗೆ ಹೋಗ್ತೀನಿ. ತಾತನ ಹತ್ರ. ಮಧ್ಯಾಹ್ನ ಬರಲ್ಲ. ನಾಳೆನೂ ಬರಲ್ಲ."

"ಎಷ್ಟು ರಾತ್ರಿ ಮಲಗಿ ಎದ್ದರೆ ಬರ್ತೀಯ?"

"ತುಂಬಾ ರಾತ್ರಿ ಕಂದ. ನಿನ್ನ ಬೆರಳು, ನನ್ನ ಬೆರಳು, ಅಪ್ಪ ಅಮ್ಮನ ಬೆರಳು, ಎಲ್ಲಾ ಸೇರಿಸಿದ್ರೂ ಸಾಲಲ್ಲ."

ಲಾಸ್ಯಾ ತನ್ನ ಬೆರಳುಗಳನ್ನು ನೋಡಿಕೊಂಡಳು. ಆಮೇಲೆ ಆ ಕೈಯಿಂದಲೇ ಅಜ್ಜಿಯ ತೊಡೆಗೆ ಹೊಡೆದಳು. "ನೋ!" ಇನ್ನೊಂದು ಏಟು. "ನೀನು ನನ್ನ ಫ್ರೆಂಡ್ ಅಲ್ಲ!" ಮುಂದಿನ ದಾರಿಯುದ್ದಕ್ಕೂ ಕೈ ಹಿಡಿಯಗೊಡಲಿಲ್ಲ, ಎರಡು ಹೆಜ್ಜೆ ಮುಂದೆಯೇ ನಡೆದಳು. ಹೇಳಿದ್ದೇ ತಪ್ಪಾಯಿತೇ ಎಂದುಕೊಳ್ಳುತ್ತ ಕಮಲಮ್ಮ ಹಿಂದೆಯೇ ಹೆಜ್ಜೆ ಹಾಕಿದರು. ಕೇದಾರ್ ಹೇಳಿದ ಹಾಗೆ ಕೇಳಿದ್ದರೆ ಈ ಹೊತ್ತಿನಲ್ಲಿ ನಗುನಗುತ್ತ ಒಂದು ಮುತ್ತಾದರೂ ಸಿಗುತ್ತಿತ್ತು.

ಒಳಗೆ ಬಂದ ಮೇಲೆ ಲಾಸ್ಯಾ ಯಾರ ಮುಖವನ್ನೂ ನೋಡದೆ ಬ್ಯಾಗನ್ನು ನೆಲಕ್ಕೆ ಬಿಸಾಡಿದಳು, ಶೂ ಕಿತ್ತೆಸೆದು ತನ್ನ ಗಂಬೂಟು ಹಾಕಿಕೊಂಡಳು. ಕಮಲಮ್ಮ ಎದುರಿಗೆ ಕುಕ್ಕರುಗಾಲಲ್ಲಿ ಕೂತರು. "ಈಗ ಹೋಗ್ತಾ ಇದೀನಿ ಪುಟ್ಟಿ. ಮಧ್ಯಾಹ್ನ ಅಮ್ಮ ಬರ್ತಾಳೆ. ನಂಗೂ ಅಳು ಬರ್ತಿದೆ ನೋಡು." ಆಗ ಕಟ್ಟೆಯೊಡೆಯಿತು. ಹೊಡೆಯುತ್ತಿದ್ದ ಕೈಗಳೇ ಸೆರಗು ಹಿಡಿದುಕೊಂಡವು. ಮಾರಮಾ ಬಂದು ಮಗುವಿನ ಪಕ್ಕದಲ್ಲಿ ಕೂತಳು. ಕಮಲಮ್ಮ ಆ ಪುಟ್ಟ ಬೆರಳುಗಳನ್ನು ಒಂದೊಂದಾಗಿ ಸೆರಗಿನಿಂದ ಬಿಡಿಸಿ, ಹಣೆಗೆ ಮುತ್ತಿಟ್ಟು, ಎದ್ದು ನಡೆದರು. ಲಾಸ್ಯಾ "ಅಜ್ಜೀ" ಎನ್ನುತ್ತಿದ್ದದ್ದು ಗೇಟು ಹಾಕಿದ ಮೇಲೂ ಕೇಳುತ್ತಲೇ ಇತ್ತು.

ಕೇದಾರ್ ಕಾರಿನ ಹೊರಗೆ ನಿಂತಿದ್ದ. ಅವನ ಕಣ್ಣೂ ಕೆಂಪಗಿತ್ತು.

"ನೋಡಿದ್ಯಾ? ಸಮಾಧಾನ ಆಯ್ತಾ ಈಗ?" ಎಂದ.

"ಇಲ್ಲ ಕಣೋ," ಎಂದರು ಕಮಲಮ್ಮ. "ಏನೂ ಸಮಾಧಾನ ಆಗಿಲ್ಲ. ಆದ್ರೆ ಅವಳು ಯಾಕೆ ಅಳ್ತಿದಾಳೆ ಅಂತ ಅವಳಿಗೆ ಗೊತ್ತು. ಅಷ್ಟೇ." ಕಾರು ಹತ್ತದೆ ಬೇಲಿಯ ಹತ್ತಿರ ಹೋಗಿ ನಿಂತರು. "ಐದು ನಿಮಿಷ ತಡಿ."

ಲಾಸ್ಯಾ ಮೆಟ್ಟಿಲ ಮೇಲೆ ಕೂತು ಅಳುತ್ತಿದ್ದಳು. ಮಾರಮಾ ಪಕ್ಕದಲ್ಲಿ ಸುಮ್ಮನೆ ಕೂತಿದ್ದಳು. ಕಾಗೆ ತೋರಿಸಲಿಲ್ಲ, ಬಾಯಿ ಮುಚ್ಚಿಸಲಿಲ್ಲ. ಮರಳಿನ ಗುಂಡಿಯಿಂದ ಸಿಯೋನೆ ಎದ್ದು ಬಂದ. ಎದುರಿಗೆ ನಿಂತು ಏನೋ ಕೇಳಿದ, ಬೇಲಿಯವರೆಗೆ ಕೇಳಿಸಲಿಲ್ಲ. ಲಾಸ್ಯಾ ತಲೆಯಾಡಿಸಿದಳು. ಅವನು ಅವಳಿಗೆ ಒತ್ತಿಕೊಂಡು ಕೂತು, ತನ್ನ ಗಂಬೂಟು ಕಳಚಿ, ಅದರೊಳಗಿನ ಮರಳನ್ನೆಲ್ಲ ಸೀದಾ ಅವಳ ಕಾಲ ಮೇಲೆ ಸುರಿದ.

ಅಳು ನಡುವೆಯೇ ನಿಂತಿತು. ಲಾಸ್ಯಾ ಮರಳನ್ನು ನೋಡಿದಳು, ಅವನನ್ನು ನೋಡಿದಳು, ಭುಜಕ್ಕೊಂದು ನೂಕು ಕೊಟ್ಟಳು. ಅವನು ಇಷ್ಟೇ ಇಷ್ಟು ಸರಿದ, ಎದ್ದು ಹೋಗಲಿಲ್ಲ. ಮಾರಮಾ ಮೆಲ್ಲಗೆ ಎದ್ದು ಇನ್ನೊಂದು ಮಗುವಿನ ಕಡೆ ಹೋದಳು. ಲಾಸ್ಯಾ ಬಿಕ್ಕುತ್ತಲೇ ತನ್ನ ಬೂಟು ಜಗ್ಗತೊಡಗಿದಳು. ಅದು ಬರಲಿಲ್ಲ. ಸಿಯೋನೆ ಎರಡೂ ಕೈಯಿಂದ ಹಿಮ್ಮಡಿ ಹಿಡಿದು ಎಳೆದ ರಭಸಕ್ಕೆ ಬೂಟಿನ ಸಮೇತ ಹಿಂದಕ್ಕೆ ಬಿದ್ದ.

ಕೇದಾರ್ ಯಾವಾಗಲೋ ಬಂದು ತಾಯಿಯ ಪಕ್ಕದಲ್ಲಿ ನಿಂತಿದ್ದ. ಕಾರಿನ ಕೀಲಿಯನ್ನು ಜೇಬಿಗೆ ಹಾಕಿಕೊಂಡ.

ಲಾಸ್ಯಾ ಬೂಟನ್ನು ಬೋರಲು ಹಾಕಿ ಬಡಿದಳು. ಈಗಷ್ಟೇ ಹಾಕಿಕೊಂಡಿದ್ದ ಬೂಟು, ಒಳಗೆ ಏನೂ ಇರಲಿಲ್ಲ. ಅವಳ ತುಟಿ ಮತ್ತೆ ನಡುಗಿತು. ಸಿಯೋನೆ ಒಂದೇ ಬೂಟಿನಲ್ಲಿ ಕುಂಟಿಕೊಂಡು ಗುಂಡಿಗೆ ಓಡಿದ, ಎರಡು ಬೊಗಸೆ ಮರಳು ತಂದು ಅವಳ ಬೂಟಿನೊಳಗೆ ತುಂಬಿದ. ಲಾಸ್ಯಾ ಅಂಗೈಯಿಂದ ಮೂಗು ಒರೆಸಿಕೊಂಡು, ಬೂಟನ್ನು ಎತ್ತಿ, ನಿಧಾನವಾಗಿ ಸುರಿಯತೊಡಗಿದಳು.