ಕತ್ತರಿಗೆ ಸಿಗದ ಕೊಂಬೆ

ಅತ್ತೆ ಬೇರೆ ಊರಿಗೆ ಹೊಲಿಗೆ ಕೆಲಸಕ್ಕೆ ಹೊರಟಾಗ ಮನೆಯ ಮುಂದೆ ಒಂದು ಪೊದೆಗಿಡ ನೆಟ್ಟು, "ಇದಕ್ಕೆ ನೀರು ಗೀರು ಅಂತ ಉಪಚಾರ ಬೇಡ. ಹೂ ಬಿಟ್ಟಾಗ ಹೇಳು, ಬಂದುಬಿಡ್ತೀನಿ" ಎಂದಿದ್ದಳು. ತಾಯಿಯಿಲ್ಲದ ಹುಡುಗಿಯನ್ನು ಎತ್ತಿ ಆಡಿಸಿ ಬೆಳೆಸಿದವಳು ಅವಳು, ಅಪ್ಪನ ತಂಗಿ. ಫೋನಿನಲ್ಲಿ ಊಟ ಆಯ್ತಾ, ನೆಗಡಿ ಹೋಯ್ತಾ ಎಂದೆಲ್ಲ ಮಾತಾಗುತ್ತಿತ್ತು. 'ಬಾ ಅತ್ತೆ' ಎಂಬುದೊಂದೇ ಹುಡುಗಿಯ ಗಂಟಲು ದಾಟುತ್ತಿರಲಿಲ್ಲ. ಕರೆದು ಅವಳಿಗೆ ತೊಂದರೆ ಕೊಡುವುದೇ ಎಂಬ ಸಂಕೋಚ. ತನ್ನ ಪರವಾಗಿ ಹೂವೇ ಕರೆಯಲಿ ಎಂದು ಕಾದಳು.

ಗಿಡವೋ ಗಟ್ಟಿಪಿಂಡ. ನೆಲ ಬಾಯ್ಬಿಟ್ಟರೂ ಕ್ಯಾರೇ ಎನ್ನಲಿಲ್ಲ. ಚಳಿಗೆ ಎಲೆಯನ್ನೆಲ್ಲ ಉದುರಿಸಿ ಕಡ್ಡಿಯಾಗಿ ನಿಂತು, ಬಿಸಿಲೇರಿದೊಡನೆ ಮತ್ತೆ ಚಿಗುರುತ್ತಿತ್ತು. ಹೂ ಮಾತ್ರ ಇಲ್ಲ.

ಅಪ್ಪನದು ಕ್ಷೌರದಂಗಡಿ. ಕೆದರಿದ್ದು ಏನು ಕಂಡರೂ ಕೈ ಸುಮ್ಮನಿರದು. ಗಿಡ ಬೋಳಾದೊಡನೆ ಕತ್ತರಿ ಹಿಡಿದು, ಒಂದು ಕಣ್ಣು ಮುಚ್ಚಿ, ಎಡಬಲ ಸಮ ನೋಡಿ, ದುಂಡಗೆ ಕಟಿಂಗ್ ಮಾಡಿಬಿಡುತ್ತಿದ್ದ. ಪೌಡರ್ ಹಾಕುವುದೊಂದು ಬಾಕಿ ಎಂದು ಪಕ್ಕದ ಮನೆಯ ಅಜ್ಜಿ ಛೇಡಿಸುತ್ತಿದ್ದಳು.

ಈ ಸಲ ಬೇಸಿಗೆಯ ಹೊಸ್ತಿಲಲ್ಲಿ ಅದೇ ಅಜ್ಜಿ ಹುಡುಗಿಯನ್ನು ಕೂಗಿ ಕರೆದಳು. ಬೇಲಿ ನುಸುಳಿ ಅಜ್ಜಿಯ ಅಂಗಳಕ್ಕೆ ಇಣುಕಿದ್ದ ಒಂದೇ ಒಂದು ಕೊಂಬೆ, ಅಪ್ಪನ ಕತ್ತರಿಗೆ ಸಿಗದೆ ಉಳಿದದ್ದು, ಕಳೆದ ವರ್ಷದ ಕಡ್ಡಿಯುದ್ದಕ್ಕೂ ಹಳದಿ ಹೂ ಹೊತ್ತು ನಿಂತಿತ್ತು. ಹುಡುಗಿಗೆ ಆಗ ಹೊಳೆಯಿತು: ಗಿಡ ಹೂ ಬಿಡುವುದೇ ಹಳೆಯ ಕಡ್ಡಿಯಲ್ಲಿ, ಅಪ್ಪ ವರ್ಷವರ್ಷವೂ ಅದನ್ನೇ ಕತ್ತರಿಸಿ ಗುಡಿಸಿ ಹಾಕುತ್ತಿದ್ದಾನೆ.

ಅಂದು ಸಂಜೆ ಫೋನಿನಲ್ಲಿ ಹೂವಿನ ಸುದ್ದಿ ತೆಗೆದಳು. ಆ ಕಡೆ ಹೊಲಿಗೆ ಯಂತ್ರದ ಸದ್ದು ನಿಂತಿತು.

"ಬಿಡ್ತಾ?"

"ಒಂದು ಕೊಂಬೆ ಅಷ್ಟೆ. ಅದೂ ಪಕ್ಕದ ಮನೇಲಿ."

"ಹಾಗಾದ್ರೆ ನಾನು ಅಜ್ಜಿ ಮನೆಗೆ ಬರ್ಬೇಕಾಯ್ತು ಬಿಡು" ಎಂದು ಅತ್ತೆ ನಕ್ಕಳು. ಹುಡುಗಿಯೂ ನಕ್ಕಳು. ಯಂತ್ರ ಮತ್ತೆ ಶುರುವಾಯಿತು.

ಅತ್ತೆ ಬರಲಿಲ್ಲ. ಮತ್ತೆ ಚಳಿ ಬಂತು, ಎಲೆ ಉದುರಿತು. ಕತ್ತರಿ ಹಿಡಿದು ಬಂದ ಅಪ್ಪನಿಗೆ ಹುಡುಗಿ ಅಡ್ಡ ನಿಂತಳು.

"ಈ ಸಲ ಬೇಡಪ್ಪ. ಇದನ್ನ ಕತ್ತರಿಸಿದ್ರೆ ಹೂ ಬರಲ್ಲ."

"ಕ್ಷೌರದವನ ಮನೆ ಗಿಡಕ್ಕೇ ಕ್ಷೌರ ಇಲ್ಲ ಅಂತ ಜನ ಆಡ್ಕೊಳಲ್ವೇನೇ?"

"ಆಡ್ಕೊಳ್ಳಲಿ. ಅತ್ತೆ ಬಂದು ಆಡ್ಕೊಳ್ಳಲಿ."

ಅಪ್ಪ ಕತ್ತರಿಯನ್ನು ಅಂಗಿಗೆ ಒರೆಸಿದ. ಒರೆಸಲು ಅದರಲ್ಲಿ ಏನೂ ಇರಲಿಲ್ಲ.

"ಬಾ ಅಂತ ಅವಳಿಗೆ ಹೇಳಿದ್ದೀಯಾ?"

ಹುಡುಗಿ ಇಲ್ಲವೆಂದು ತಲೆಯಾಡಿಸಿದಳು.

"ನಾನೂ ಹೇಳಿಲ್ಲ" ಎಂದ ಅಪ್ಪ, ಗಿಡದ ಕಡೆ ನೋಡುತ್ತ.

ಅಲ್ಲೇ ನಿಂತು ಹುಡುಗಿ ನಂಬರ್ ಒತ್ತಿದಳು. ಹೇಳಬೇಕಾದ ಎರಡು ಮಾತನ್ನು ನಾಲಗೆಯ ತುದಿಯಲ್ಲೇ ಹಿಡಿದುಕೊಂಡಳು. ಆ ಕಡೆ ರಿಂಗ್ ಆಗುತ್ತಲೇ ಇತ್ತು.