ಕೊನೇ ಗಾಡಿ ಬರುವವರೆಗೆ

ಗಂಡನನ್ನು ‘ಅವನು’ ಎಂದರೆ ನಮ್ಮಮ್ಮ ಬೈಯುತ್ತಾಳೆ. ಬೈಯಲಿ. ಎದುರಿಗೆ ‘ರೀ’ ಎಂದೇ ಕರೆದಿದ್ದೇನೆ, ನಾಲಿಗೆ ಸವೆಯುವಷ್ಟು ಕರೆದಿದ್ದೇನೆ. ಈ ವಿಷಯ ಹೇಳುವಾಗಲಾದರೂ ನನಗೆ ಬೇಕಾದ ಹಾಗೆ ಹೇಳುತ್ತೇನೆ.

ಅವನ ಹೆಸರು ನರೇಶ್. ನಮ್ಮ ಮನೆ ಮಾಲೂರಿನಲ್ಲಿ. ಲಕ್ಕೂರಿನ ಕಡೆ ಒಂದು ಕಾರ್ಖಾನೆಯಲ್ಲಿ ಅವನು ಸೂಪರ್‌ವೈಸರ್. ನಾಲ್ಕೈದು ಸಿಮೆಂಟ್ ಮೂಟೆಯಷ್ಟು ತೂಗುವ ಕ್ರೂಸರ್ ಬೈಕು ತಂದು, ಕುರುಡುಮಲೆ ಗಣಪನ ಗುಡಿ ಮುಂದೆ ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು ಹತ್ತಿಸಿದ ದಿನ ಅವನ ಮುಖದಲ್ಲಿದ್ದ ಕಳೆ ನಮ್ಮ ಮದುವೆಯ ಫೋಟೋದಲ್ಲಿ ಹುಡುಕಿದರೂ ಸಿಗುವುದಿಲ್ಲ. ನಾನು ಹಿಂದೆ ಕೂತಿದ್ದೆ. ಅದೇ ನನ್ನ ಜಾಗ.

ಅಂಥ ಬೈಕು ತಂದವನಿಗೆ ಒಂದು ಗುಂಪೂ ಬೇಕು. ನಮ್ಮೂರಿನ ವೆಂಕಟ್ ಜಲ್ಲಿ ಕ್ರಷರ್ ಇಟ್ಟುಕೊಂಡವನು. ಭಾನುವಾರ ಮಾತ್ರ ‘ಕ್ಯಾಪ್ಟನ್’ ಆಗುತ್ತಾನೆ. ಅವನ ಹಿಂದೆ ಕೋಲಾರ, ಮುಳಬಾಗಿಲು, ಶ್ರೀನಿವಾಸಪುರದ ಹತ್ತು ಹದಿನೈದು ಗಾಡಿಗಳು ಗುಡುಗುಡು ಎನ್ನುತ್ತ ಸಾಲಾಗಿ ಬೆಟ್ಟದ ರಸ್ತೆಗಳಿಗೆ ಹೋಗುತ್ತವೆ. ಎಲ್ಲರ ಮೈಮೇಲೆ ತೋಳಿಲ್ಲದ ಕಪ್ಪು ಚರ್ಮದ ಕೋಟು, ಕೋಟಿನ ಬೆನ್ನ ಮೇಲೆ ಹುಲಿ ಮುಖದ ಪ್ಯಾಚು. ಹೊಸಬರಿಗೆ ಕೋಟು ಮಾತ್ರ, ಪ್ಯಾಚು ಇಲ್ಲ. ಅವರನ್ನು ‘ಖಾಲಿ ಬೆನ್ನು’ ಎಂದು ಕರೆಯುತ್ತಾರೆ. “ಲೇ ಖಾಲಿ ಬೆನ್ನು, ನೀರು ತಾರೋ” ಎಂದರೆ ತಲೆಯಲ್ಲಿ ನರೆ ಬಂದ ನನ್ನ ಗಂಡ ಓಡಿಹೋಗಿ ನೀರು ತರುತ್ತಿದ್ದ. ವೆಂಕಟನ ಹೆಂಡತಿ ಅನಿತ ನನ್ನ ಕಡೆ ನೋಡಿ ನಗುತ್ತಿದ್ದಳು.

ಗುಂಪಿನಲ್ಲಿ ಒಂದು ನಿಯಮ ಇತ್ತು. ದಾರಿ ಎರಡಾಗುವ ಕಡೆ ಒಬ್ಬ ಸವಾರ ಇಳಿದು ನಿಲ್ಲಬೇಕು. ಹಿಂದೆ ಬರುವವರಿಗೆ ಕೈ ತೋರಿಸಬೇಕು. ಸಾಲಿನ ಕಟ್ಟಕಡೆಯ ಗಾಡಿ ದಾಟುವವರೆಗೆ ಆ ಜಾಗ ಬಿಡುವಂತಿಲ್ಲ. ಹಾಗೆ ನಿಲ್ಲುವವನಿಗೆ ಅವರಿಟ್ಟ ಹೆಸರು ‘ಕಲ್ಲು’, ಮೈಲಿಗಲ್ಲಿನ ಕಲ್ಲು. ನಿಯಮ ಒಳ್ಳೆಯದೇ, ಅದರಿಂದ ಯಾರೂ ದಾರಿ ತಪ್ಪುತ್ತಿರಲಿಲ್ಲ. ಆದರೆ ವೆಂಕಟನ ಕೈಗೆ ಸಿಕ್ಕ ಯಾವ ಒಳ್ಳೆಯದೂ ಒಳ್ಳೆಯದಾಗಿ ಉಳಿಯುವುದಿಲ್ಲ.

ಪ್ಯಾಚು ಕೊಡುವ ಮೊದಲು ಅವನು ಖಾಲಿ ಬೆನ್ನಿನವನನ್ನು ಕಲ್ಲು ಮಾಡಿ ನಿಲ್ಲಿಸಿ, ಕೊನೇ ಗಾಡಿಯನ್ನು ಗುಟ್ಟಾಗಿ ಬೇರೆ ದಾರಿಯಲ್ಲಿ ಕರೆಸಿಕೊಳ್ಳುತ್ತಿದ್ದ. ಪಾಪದವನು ಬಿಸಿಲಲ್ಲಿ ಕಾಯುತ್ತ ನಿಂತಿರುತ್ತಿದ್ದ. ಇವರೆಲ್ಲ ಬೆಟ್ಟದ ಮೇಲೆ ಕೂತು ಬೋಂಡ ತಿನ್ನುತ್ತ, ಅವನು ಎಷ್ಟು ಹೊತ್ತು ನಿಲ್ಲುತ್ತಾನೆ ಎಂದು ಮಾತಾಡಿಕೊಳ್ಳುತ್ತಿದ್ದರು. ನಮಗಿಂತ ಮುಂಚೆ ಮುಳಬಾಗಿಲಿನ ಕದಿರೇಶ್‌ಗೆ ಹಾಗೆ ಮಾಡಿದರು. ಅವನ ಹತ್ತಿರ ಒಬ್ಬ ಲಾರಿ ಕ್ಲೀನರನ್ನು ಕಳಿಸಿ, “ನಿಮ್ಮೋರೊಬ್ರು ಬಿದ್ದವ್ರೆ” ಎಂದು ಹೇಳಿಸಿದರು. ಕದಿರೇಶ್ ಗಾಬರಿಯಿಂದ ಗಾಡಿ ಓಡಿಸಿಕೊಂಡು ಹೋದರೆ, ತಿರುವಿನಾಚೆ ಎಲ್ಲರೂ ಕೂತು ಚಪ್ಪಾಳೆ ತಟ್ಟಿದರು. “ಕಲ್ಲು ಕದಲಿಬಿಡ್ತು” ಎಂದು ವೆಂಕಟ್ ಅವನ ಕೋಟು ಬಿಚ್ಚಿಸಿಕೊಂಡ. ಮನುಷ್ಯ ಅಳುವುದೊಂದು ಬಾಕಿ. ಅವತ್ತು ಎಲ್ಲರಿಗಿಂತ ಜೋರಾಗಿ ನಕ್ಕವನು ನನ್ನ ಗಂಡ. ಅದನ್ನು ನಾನು ಮರೆತಿಲ್ಲ.

ಗುಂಪಿನಲ್ಲಿ ಮನುಷ್ಯರಂಥ ಮನುಷ್ಯ ಒಬ್ಬರಿದ್ದರು, ಕೋದಂಡರಾಮಪ್ಪ ಮೇಷ್ಟ್ರು. ಶ್ರೀನಿವಾಸಪುರದ ಹೈಸ್ಕೂಲಿನಲ್ಲಿ ಡ್ರಿಲ್ ಮೇಷ್ಟ್ರಾಗಿ ರಿಟೈರಾದವರು. ನರೇಶ್ ಓದಿದ್ದು ಅವರ ಕೈಕೆಳಗೆ. ಯಾವಾಗಲೂ ಕೊನೇ ಗಾಡಿ ಅವರದೇ. ಯಾರ ಟೈರು ಪಂಕ್ಚರ್ ಆದರೂ, ಯಾರಿಗೆ ವಾಂತಿ ಬಂದರೂ ಹಿಂದೆ ಮೇಷ್ಟ್ರು ಇದ್ದಾರೆ ಎಂಬ ಧೈರ್ಯ. ನನಗಂತೂ ಬೆಟ್ಟದ ತಿರುವುಗಳಲ್ಲಿ ಹಿಂದಿನಿಂದ ಅವರ ಗಾಡಿಯ ಸದ್ದು ಕೇಳಿದರೆ ಜೀವ ತಣ್ಣಗಾಗುತ್ತಿತ್ತು.

ಆ ಭಾನುವಾರ ಶ್ರೀನಿವಾಸಪುರದಲ್ಲಿ ಇಡ್ಲಿ ತಿಂದು ರಾಯಲ್ಪಾಡು ದಾಟಿ ಆಂಧ್ರದ ಕಡೆಯ ಒಂದು ಘಾಟಿ ಹತ್ತಿದೆವು. ಅದೇ ಬೆಟ್ಟಕ್ಕೆ ಕೆಳಗಿನ ಕೆರೆಯ ಕಡೆಯಿಂದ ಸುತ್ತಿಕೊಂಡು ಹೋಗುವ ಇನ್ನೊಂದು ರಸ್ತೆಯೂ ಇದೆ. ಅರ್ಧ ಬೆಟ್ಟದಲ್ಲಿ ರಸ್ತೆ ಎರಡಾಗುವ ಕಡೆ ವೆಂಕಟ್ ಗಾಡಿ ನಿಧಾನ ಮಾಡಿ, ನರೇಶನ ಕಡೆ ಬೆರಳು ತೋರಿಸಿದ.

“ಇವತ್ತು ನೀನೇ ಕಲ್ಲು ಕಣೋ. ಸಂಜೆ ಪ್ಯಾಚು ಹಾಕಿಸ್ಕೊಂಡು ಮನೆಗೆ ಹೋಗೋಣ.”

ನಾವು ಇಳಿದು ನಿಂತೆವು. ಒಂದೊಂದೇ ಗಾಡಿ ದಾಟಿ ಹೋಯಿತು. ಹೋಗುವಾಗ ಎಲ್ಲರೂ ನಕ್ಕರು. ಆಮೇಲೆ ರಸ್ತೆ ಖಾಲಿಯಾಯಿತು. ಮೇಷ್ಟ್ರು ಬರಲಿಲ್ಲ. ಬಿಸಿಲು ನೆತ್ತಿಗೆ ಬಂತು. ಅಷ್ಟರಲ್ಲಿ ಅನಿತ ನನ್ನ ಫೋನಿಗೆ ಒಂದು ಫೋಟೋ ಕಳಿಸಿದಳು: ಬೆಟ್ಟದ ಮೇಲೆ ಮರದ ನೆರಳಲ್ಲಿ ಎಲ್ಲರೂ ಬೋಂಡದ ತಟ್ಟೆ ಹಿಡಿದು ಕೂತಿದ್ದಾರೆ. ಕೆಳಗೆ ‘ಕಲ್ಲು ಹೇಗಿದೆ?’ ಎಂದು ಬರೆದಿದ್ದಳು.

ನಾನು ಅವನಿಗೆ ತೋರಿಸಿದೆ. “ನೋಡಿ, ಆಟ ಆಡಿಸ್ತಾವ್ರೆ. ಮೇಷ್ಟ್ರನ್ನ ಕೆರೆ ರಸ್ತೆ ಮೇಲೆ ಕರೆಸ್ಕೊಂಡಿರ್ತಾರೆ. ಹೋಗೋಣ ನಡೀರಿ.”

“ನಂಗೊತ್ತು,” ಎಂದ ಅವನು. “ಎಲ್ರಿಗೂ ಮಾಡ್ತಾರೆ. ನಿಂತ್ರೆ ಪ್ಯಾಚು. ಸುಮ್ನೆ ಕೂತ್ಕೊ.”

ಗೊತ್ತಿದ್ದೂ ನಿಂತಿದ್ದ. ಅವನ ಮುಖದಲ್ಲಿ ಒಂದು ಭಕ್ತಿ ಇತ್ತು. ನನಗೆ ಅಸಹ್ಯವಾಯಿತು.

ಇನ್ನೂ ಸ್ವಲ್ಪ ಹೊತ್ತಾದ ಮೇಲೆ ಕೆಳಗಿನ ಕಾಲುದಾರಿಯಿಂದ ಒಬ್ಬ ಮುದುಕಿ ಏದುಸಿರು ಬಿಡುತ್ತ ಹತ್ತಿ ಬಂದಳು. ಹಿಂದೆ ನಾಲ್ಕಾರು ಮೇಕೆ. ಹೆಸರು ಆಂಜಿನಮ್ಮ ಎಂದು ನನಗೆ ಆಮೇಲೆ ಗೊತ್ತಾಯಿತು. ತೆಲುಗು, ಕನ್ನಡ ಎರಡನ್ನೂ ಕಲೆಸಿ ಹೇಳಿದಳು.

“ನಾಯ್ನಾ, ಕೆಳಗಡೆ ಪೊದೆನಾಗೆ ಒಬ್ಬಾಯನ ಬಿದ್ದವ್ರೆ. ನಿಮ್ಮಂಥದೇ ಬಂಡಿ. ಕಾಲ್ಮೇಲೆ ಐತೆ. ನಾನೊಬ್ಳೇ ಎತ್ತಕ್ಕಾಗ್ಲಿಲ್ಲ. ಪಾಪಂ, ನೆತ್ರು ಹೋಗ್ತಾ ಐತೆ.”

ನರೇಶ್ ನಕ್ಕ. ನಿಜವಾಗಿಯೂ ನಕ್ಕ. “ವೆಂಕಟಣ್ಣ ಕಳಿಸಿದ್ದಾ ಅಜ್ಜಿ? ಹೋಗಿ ಹೇಳು, ಈ ಕಲ್ಲು ಕದಲಲ್ಲ ಅಂತ.”

ಮುದುಕಿ ಏನೂ ಅರ್ಥವಾಗದೆ ನನ್ನ ಮುಖ ನೋಡಿದಳು. ಅವಳ ಸೀರೆಯ ಸೆರಗಿನಲ್ಲಿ ಮುಳ್ಳು ಸಿಕ್ಕಿಕೊಂಡಿತ್ತು, ಅಂಗೈಗೆ ಗಾಡಿಯ ಮಸಿ ಮೆತ್ತಿತ್ತು. ನಾಟಕ ಆಡಲು ಬಂದವರ ಕೈ ಹಾಗಿರುವುದಿಲ್ಲ.

“ಒಂದ್ಸಲ ಹೋಗಿ ನೋಡಿ ಬರೋಣ ರೀ.”

“ಕದಿರೇಶ್ ಹೀಗೇ ಹೋಗಿ ಕೆಟ್ಟ,” ಎಂದು ಹೇಳಿ ವೆಂಕಟನಿಗೆ ಫೋನು ಹಚ್ಚಿದ. ಸ್ಪೀಕರಿನಲ್ಲಿ ವೆಂಕಟನ ಮಾತು ನನಗೂ ಕೇಳಿಸಿತು. “ನಾನ್ಯಾರನ್ನೂ ಕಳಿಸಿಲ್ಲಪ್ಪ,” ಎಂದ, ಹಿಂದಿನಿಂದ ನಗು. “ಯಾರು ಬಿದ್ರೂ, ಯಾರು ಎದ್ರೂ ಕಲ್ಲಿಗೇನ್ಲಾ? ಕೊನೇ ಗಾಡಿ ಬರೋವರ್ಗೂ ನಿಲ್ಲು.” ವೆಂಕಟ್ ಅವತ್ತು ನಿಜ ಹೇಳಿದ್ದ. ನಿಜ ಹೇಳಿದರೂ ನಂಬದ ಹಾಗೆ ಬದುಕಿದ್ದ. ಮೇಷ್ಟ್ರು ತಾನು ಹೇಳಿದ ಹಾಗೆ ಕೆರೆ ರಸ್ತೆಯಲ್ಲಿ ಸುತ್ತಿಕೊಂಡು ಬರುತ್ತಿದ್ದಾರೆ ಎಂದೇ ಅವನು ತಿಳಿದಿದ್ದ.

“ಹಾಗಾದ್ರೆ ನಾನು ನಡ್ಕೊಂಡ್ ಹೋಗ್ತೀನಿ,” ಎಂದೆ. ಅವನು ತಡೆಯಲಿಲ್ಲ. ಹೆಂಗಸು ಕದಲಿದರೆ ನಿಯಮ ಮುರಿಯುವುದಿಲ್ಲ.

ಆಂಜಿನಮ್ಮನ ಹಿಂದೆ ಮುಳ್ಳುಪೊದೆ ಹಾಯ್ದು ಇಳಿದೆ. ಮೂರನೇ ತಿರುವಿನಲ್ಲಿ ಯಾವುದೋ ಟಿಪ್ಪರಿನಿಂದ ಚೆಲ್ಲಿದ ಮರಳು. ಅದರ ಮೇಲೆ ಜಾರಿದ ಗುರುತು ರಸ್ತೆ ಅಂಚಿನವರೆಗೆ ಹೋಗಿತ್ತು. ಅಂಚಿನ ಕೆಳಗೆ ಮೇಷ್ಟ್ರು. ರಸ್ತೆಯಲ್ಲಿ ಹೋಗುವವರಿಗೆ ಕಾಣುವ ಜಾಗವೇ ಅಲ್ಲ. ಬೈಕು ಅವರ ತೊಡೆಯ ಮೇಲೆ ಪೂರ್ತಿ ಒರಗಿತ್ತು. ಕೆಳಗಿನ ಮಣ್ಣು ಕೆಂಪಗೆ ಒದ್ದೆಯಾಗಿತ್ತು. ಕಣ್ಣು ತೆರೆದಿದ್ದರು.

“ಗಂಗಾಲಕ್ಷ್ಮಿ ಅಲ್ವೇನಮ್ಮ,” ಎಂದರು. “ವೆಂಕಟ ಕೆರೆ ರಸ್ತೇಲಿ ಬಾ ಅಂದ. ನಿಂತಿರೋ ಹುಡುಗನ್ನ ಬಿಟ್ಟು ಹೆಂಗೆ ಹೋಗ್ಲಿ? ಅವನ್ನ ಕರ್ಕೊಂಡೇ ಹೋಗೋಣ ಅಂತ ಈ ಕಡೆ ಬಂದೆ.”

ನಾವಿಬ್ಬರೂ ಎತ್ತಿದೆವು. ಬೈಕು ಸ್ವಲ್ಪ ಅಲುಗಿತು, ಮೇಷ್ಟ್ರು ಕೂಗಿದರು, ಮತ್ತೆ ಕೂತಿತು. ಎರಡನೇ ಸಲ ಎತ್ತಲು ನನಗೆ ಧೈರ್ಯ ಬರಲಿಲ್ಲ. ನನ್ನ ದುಪಟ್ಟಾವನ್ನು ತೊಡೆಗೆ ಬಿಗಿಯಾಗಿ ಕಟ್ಟಿದೆ. ಫೋನಿಗೆ ಅಲ್ಲಿ ಸಿಗ್ನಲ್ ಇಲ್ಲ. ಮುದುಕಿಯನ್ನು ಅವರ ಹತ್ತಿರ ಕೂರಿಸಿ, ಬಂದ ದಾರಿಯಲ್ಲೇ ಓಡಿದೆ. ಮೊಣಕಾಲು ಕಿತ್ತುಹೋಯಿತು, ಒಂದು ಚಪ್ಪಲಿ ಎಲ್ಲಿ ಬಿಟ್ಟೆನೋ ಗೊತ್ತಿಲ್ಲ. ಮೂರೇ ಮೂರು ತಿರುವು. ಬೈಕಿನಲ್ಲಿ ಬಂದಿದ್ದರೆ ಎಲೆಅಡಿಕೆ ಮಡಿಸುವಷ್ಟು ಹೊತ್ತಿನ ದಾರಿ.

ನರೇಶ್ ಅದೇ ಜಾಗದಲ್ಲಿ ಕೈ ಕಟ್ಟಿಕೊಂಡು ನಿಂತಿದ್ದ. ನನ್ನ ಕೈಯ ರಕ್ತ ನೋಡಿ ಹುಬ್ಬೇರಿಸಿದ.

“ನಿನ್ನನ್ನೂ ಸೇರಿಸ್ಕೊಂಡ್ರಾ?” ಎಂದ.

ನಾನು ಅವನ ಕೆನ್ನೆಗೆ ಹೊಡೆದೆ. ಮದುವೆಯಾದ ಮೇಲೆ ಮೊದಲ ಸಲ. ನನ್ನ ಅಂಗೈಯ ರಕ್ತ ಅವನ ಕೆನ್ನೆಗೆ ಅಂಟಿತು. ಬೆರಳಲ್ಲಿ ಮುಟ್ಟಿ ನೋಡಿದ, ಮೂಸಿದ. ಆಗ ನಗು ಹೋಯಿತು. ನಂಬಿದ ಎಂದು ನನಗೆ ಗೊತ್ತಾಯಿತು. ನಂಬಿದ ಮೇಲೂ ಅವನು ಹೇಳಿದ್ದು ಇದು:

“ಕ್ಯಾಪ್ಟನ್‌ಗೆ ಒಂದ್ ಮಾತು ಹೇಳ್ಬಿಟ್ಟು ಬರ್ತೀನಿ ಇರು.”

ವೆಂಕಟ್ ಫೋನು ಎತ್ತಲಿಲ್ಲ. ಅವನು ಮತ್ತೆ ಮಾಡಿದ. ಮತ್ತೆ ಮಾಡಿದ. ಅವನ ಗಾಡಿಯ ಕೀಲಿ ಕಿತ್ತುಕೊಳ್ಳಬಹುದಿತ್ತು, ಆದರೆ ನನಗೆ ಅದನ್ನು ಓಡಿಸಲು ಬರುವುದಿಲ್ಲ. ಹಿಂದೆ ಕೂರುವುದು ಬಿಟ್ಟು ಅವನು ನನಗೆ ಏನನ್ನೂ ಕಲಿಸಿರಲಿಲ್ಲ. ಅಷ್ಟರಲ್ಲಿ ಮೇಲಿನಿಂದ ಹಾಲಿನ ಕ್ಯಾನು ತುಂಬಿದ ಟೆಂಪೊ ಬಂತು. ರಸ್ತೆ ಮಧ್ಯೆ ನಿಂತು ತಡೆದೆ. ಡ್ರೈವರು, ಅವನ ಭಾವಮೈದ ಇಬ್ಬರೂ ಒಂದು ಮಾತೂ ಕೇಳದೆ ನನ್ನನ್ನು ಹತ್ತಿಸಿಕೊಂಡರು. ಕನ್ನಡಿಯಲ್ಲಿ ನನ್ನ ಗಂಡ ಫೋನು ಕಿವಿಗಿಟ್ಟುಕೊಂಡು ನಿಂತಿರುವುದು ಕಂಡಿತು.

ಅವರಿಬ್ಬರೂ ಸೇರಿ ಬೈಕು ಎತ್ತಿ ಮೇಷ್ಟ್ರನ್ನು ಕ್ಯಾನುಗಳ ಮಧ್ಯೆ ಮಲಗಿಸಿದರು. ತಲೆ ನನ್ನ ತೊಡೆಯ ಮೇಲಿತ್ತು. ತುಟಿ ಬಿಳಿಚಿತ್ತು.

“ನರೇಶ ನಿಂತವ್ನಾ?” ಎಂದು ಕೇಳಿದರು.

“ನಿಂತವ್ರೆ ಸಾರ್.”

“ಒಳ್ಳೆ ಹುಡುಗ. ಸ್ಕೂಲಲ್ಲೂ ಅಷ್ಟೆ, ಹೇಳಿದ ಮಾತು ಮೀರ್ತಿರಲಿಲ್ಲ.”

ಆಸ್ಪತ್ರೆ ಮುಟ್ಟುವ ಮುಂಚೆಯೇ ಹೋಗಿಬಿಟ್ಟರು. ಸ್ವಲ್ಪ ಮೊದಲು ತಂದಿದ್ದರೆ ಎಂದು ಡಾಕ್ಟರು ಅರ್ಧ ಹೇಳಿ ನಿಲ್ಲಿಸಿದರು. ವೆಂಕಟ್ ಮತ್ತು ಉಳಿದವರು ಆಮೇಲೆ ಬಂದರು. ಅವರ ಜೊತೆ ನನ್ನ ಗಂಡನೂ ಬಂದ, ಸಾಲಿನಲ್ಲಿ, ತನ್ನ ಜಾಗದಲ್ಲಿ.

ಹನ್ನೊಂದರ ದಿನ ಶ್ರೀನಿವಾಸಪುರಕ್ಕೆ ಇಡೀ ಗುಂಪು ಕೋಟು ಹಾಕಿಕೊಂಡು ಹೋಯಿತು. ಮೇಷ್ಟ್ರ ಹೆಂಡತಿ ಶ್ಯಾಮಲಮ್ಮ ಗೋಡೆಗೆ ಒರಗಿ ಕೂತಿದ್ದರು. ಅವರು ಕೇಳಿದ್ದು ಒಂದೇ ಮಾತು: “ಕೊನೆಗೆ ಯಾರಿದ್ರಪ್ಪ ಹತ್ರ?”

ನರೇಶ್ ಅವರ ಕಾಲ ಹತ್ತಿರ ಕೂತ. “ನಾನಿದ್ನಲ್ಲಮ್ಮ. ಗೊತ್ತಾದ ತಕ್ಷಣ ಓಡಿಹೋದೆ. ನಾನೇ ಗಾಡಿ ಎತ್ತಿದ್ದು.”

ಎಲ್ಲರ ಮುಂದೆ, ನನ್ನ ಮುಂದೆ ಹೇಳಿದ. ನಾನು ಬಾಯಿ ತೆರೆದೆ. ಅಷ್ಟರಲ್ಲಿ ಶ್ಯಾಮಲಮ್ಮ ಅವನ ಎರಡೂ ಕೈ ಹಿಡಿದು ಹಣೆಗೆ ಒತ್ತಿಕೊಂಡರು. “ಸದ್ಯ, ನಮ್ಮ ಹುಡುಗನೇ ಇದ್ನಲ್ಲ. ಒಂಟಿಯಾಗಿ ಹೋಗ್ಲಿಲ್ಲ,” ಎಂದರು. ಆ ಮುದಿ ಹೆಂಗಸಿಗೆ ಉಳಿದಿದ್ದ ಸಮಾಧಾನ ಅದೊಂದೇ. ಅದನ್ನು ಕಿತ್ತುಕೊಳ್ಳಲು ನನ್ನಿಂದ ಆಗಲಿಲ್ಲ. ಆಗದೆ ಹೋಗುತ್ತದೆ ಎಂದು ಅವನಿಗೆ ಮೊದಲೇ ಗೊತ್ತಿತ್ತು.

ವೆಂಕಟ್ ಜೇಬಿನಿಂದ ಹುಲಿ ಮುಖದ ಪ್ಯಾಚು ತೆಗೆದು ಶ್ಯಾಮಲಮ್ಮನ ಕೈಗಿಟ್ಟ. “ಮೇಷ್ಟ್ರು ಕೊಡಬೇಕಾಗಿತ್ತು. ನೀವೇ ಕೊಡಿ ಅಮ್ಮ.” ಅವರು ಅದೇನೆಂದೂ ತಿಳಿಯದೆ ನರೇಶನಿಗೆ ಕೊಟ್ಟರು. ಅವನು ಕಣ್ಣಿಗೊತ್ತಿಕೊಂಡು ತೆಗೆದುಕೊಂಡ. ಅನಿತ ಫೋಟೋ ತೆಗೆದಳು.

ಮನೆಗೆ ಬಂದವನೇ ಕೋಟನ್ನು ನನ್ನ ಹೊಲಿಗೆ ಮಷೀನಿನ ಮೇಲಿಟ್ಟ. “ಚೆನ್ನಾಗಿ ಹೊಲಿ. ಬಿಚ್ಕೋಬಾರ್ದು,” ಎಂದ. ನಾನು ಚರ್ಮಕ್ಕೆ ಆಗುವ ದಪ್ಪ ಸೂಜಿ ಹಾಕಿ, ಸುತ್ತಲೂ ಎರಡೆರಡು ಸಲ ಹೊಲಿದುಕೊಟ್ಟೆ. ಅಷ್ಟು ಗಟ್ಟಿಯಾಗಿ ನಾನು ಯಾರಿಗೂ ಹೊಲಿದುಕೊಟ್ಟಿಲ್ಲ. ಅದು ಸಾಯುವವರೆಗೂ ಅವನ ಬೆನ್ನ ಮೇಲಿರಲಿ.

ಮಾರನೇ ದಿನ ಬೈರಕೂರಿಗೆ, ಅಮ್ಮನ ಮನೆಗೆ ಬಂದೆ. ಎರಡು ವಾರ ಅವನು ಫೋನು ಮಾಡಿದ್ದಕ್ಕೆಲ್ಲ ‘ಹೂಂ’ ಎಂದೆ. ಈ ಭಾನುವಾರ ಮಧ್ಯಾಹ್ನ ಮತ್ತೆ ಮಾಡಿದ. ಮುಳಬಾಗಿಲು ಬಸ್ ಸ್ಟ್ಯಾಂಡಿಗೆ ಬೈಕಿನಲ್ಲಿ ಬಂದಿದ್ದನಂತೆ, ನನ್ನನ್ನು ಕರೆದುಕೊಂಡು ಹೋಗಲು. ಹೊಸ ಪ್ಯಾಚಿನ ಕೋಟೂ ಹಾಕಿಕೊಂಡಿದ್ದನಂತೆ.

“ಬೈರಕೂರಿಗೇ ಬರ್ಲಾ?” ಎಂದ.

“ಬೇಡ ರೀ. ನಾನೇ ಬಸ್ಸಲ್ಲಿ ಬರ್ತೀನಿ. ಅಲ್ಲೇ ನಿಂತಿರಿ. ಎಲ್ಲೂ ಹೋಗ್ಬೇಡಿ.”

“ಯಾವ ಬಸ್ಸು?”

“ಕೊನೇದು,” ಎಂದು ಹೇಳಿ ಫೋನು ಆಫ್ ಮಾಡಿ ಗೂಡಿನಲ್ಲಿಟ್ಟೆ. ಅಮ್ಮ ತೋಟದಲ್ಲಿ ಬೀನ್ಸ್ ಕೀಳುತ್ತಿದ್ದಳು. ನಾನೂ ಒಂದು ಬುಟ್ಟಿ ತೆಗೆದುಕೊಂಡು ಹೋದೆ.

“ಗಂಡ ಕಾಯ್ತಾ ಅವ್ರಲ್ಲೇ, ಹೋಗಲ್ವೇನೇ?” ಎಂದು ಅಮ್ಮ ಕೇಳಿದಳು.

“ಕಾಯ್ಲಿ ಬಿಡಮ್ಮ,” ಎಂದೆ. “ಅವರಿಗೆ ನಿಲ್ಲೋದು ಚೆನ್ನಾಗಿ ಬರುತ್ತೆ.”