ಪಂಚಾಕ್ಷರಪ್ಪನವರ ರಿಲೇ ಪಾಠ

ಯಾವ ಉತ್ತರವನ್ನಾದರೂ ಕೊನೆಯ ಉತ್ತರವೆಂದು ಪಂಚಾಕ್ಷರಪ್ಪನವರು ಒಪ್ಪಿದ್ದನ್ನು ನಾನು ಕಾಣೆ. ಲೆಕ್ಕ ಸರಿಯಿರಲಿ ತಪ್ಪಿರಲಿ, ತಲೆಯನ್ನು ತುಸು ಎಡಕ್ಕೆ ವಾಲಿಸಿ "ಆಮೇಲೆ?" ಎನ್ನುವರು, ಆ ಒಂದು ಮಾತಿನೆದುರು ಕಾಲೇಜಿನಿಂದ ಹೊತ್ತು ತಂದಿದ್ದ ನಮ್ಮ ವಿದ್ವತ್ತೆಲ್ಲ ಬಾಡಿಹೋಗುತ್ತಿತ್ತು.

೧೯೫೭ರ ಜೂನ್‌ನಲ್ಲಿ ವಿದ್ಯುತ್ ಇಲಾಖೆಗೆ ಹೊಸದಾಗಿ ಸೇರಿದ ನಾವು ಆರು ಮಂದಿ ಎಂಜಿನಿಯರರು ತರಬೇತಿಗೆಂದು ಶಿಕಾರಿಪುರಕ್ಕೆ ಬಂದೆವು. ತಂತಿ ಹರಿದಾಗ, ಕೊಂಬೆ ಬಿದ್ದಾಗ, ಆ ಕೆಡುಕನ್ನು ಕ್ಷಣಮಾತ್ರದಲ್ಲಿ ಗುರುತಿಸಿ ವಿದ್ಯುತ್ತನ್ನು ತಾನಾಗಿ ಕಡಿದುಹಾಕುವ ರಿಲೇ ಎಂಬ ಉಪಕರಣದ ವಿದ್ಯೆಯನ್ನು ಅಲ್ಲಿ ಕಲಿಸುತ್ತಿದ್ದವರು ಪಂಚಾಕ್ಷರಪ್ಪನವರು. ಮೊಣಕೈ ಸವೆದ ಬೂದು ಕೋಟು, ಅದರ ಜೇಬಿನ ತುಂಬ ಸೀಮೆಸುಣ್ಣ; ನೆಲ ನೋಡದೆ ಕಂಬದಿಂದ ಕಂಬಕ್ಕೆ ತಂತಿಯನ್ನೇ ದಿಟ್ಟಿಸುತ್ತ ಇಡುವ ಕಿರುಹೆಜ್ಜೆ. ಎದುರು ಬಂದ ಗಾಡಿಯವರೇ ಎತ್ತುಗಳನ್ನು ಪಕ್ಕಕ್ಕೆ ಎಳೆದುಕೊಳ್ಳುತ್ತಿದ್ದರು.

ತಗಡಿನ ಶೆಡ್ಡೇ ತರಗತಿ. ಒಂದು ಉದ್ದನೆಯ ಹಗ್ಗವನ್ನು ನಮ್ಮ ಕೈಗೆ ಕೊಟ್ಟು, ನನ್ನನ್ನು ಶಿಕಾರಿಪುರವೆಂದೂ, ಜಯಪ್ಪನನ್ನು ಶಿರಾಳಕೊಪ್ಪವೆಂದೂ, ಹುಲಿಯಪ್ಪನನ್ನು ಸೊರಬವೆಂದೂ ನಿಲ್ಲಿಸುವರು. ಹಗ್ಗವೇ ನನ್ನ ಕಡೆಯಿಂದ ಸೊರಬಕ್ಕೆ ಹರಿಯುವ ಕರೆಂಟು, ಕೈಬಿಟ್ಟರೆ ಅದನ್ನು ಕಡಿದಂತೆ. ತಾವು ಸೊರಬದ ತುದಿಯನ್ನು ಜಗ್ಗಿದರೆ, ಅಂದರೆ ಅಲ್ಲಿ ಕೆಡುಕಾದರೆ, ಹುಲಿಯಪ್ಪ ಎರಡು ಎಣಿಸಿ ಕೈಬಿಡಬೇಕು. ಅವನು ತಪ್ಪಿದರೆ ಮಾತ್ರ ಜಯಪ್ಪ ನಾಲ್ಕಕ್ಕೆ, ಅವನೂ ತಪ್ಪಿದರೆ ನಾನು ಆರಕ್ಕೆ. ಒಮ್ಮೆ ಅವಸರದಲ್ಲಿ ನಾನೇ ಮೊದಲು ಬಿಟ್ಟೆ.

"ಸೊರಬದಾಗೆ ಒಂದು ಕೊಂಬೆ ಬಿದ್ದಿದ್ದಕ್ಕೆ ಮೂರೂ ಊರು ಕತ್ತಲು ಮಾಡಿದ್ರಲ್ರೀ!" ಎಂದರು. ಆಟದ ಕತ್ತಲಿಗೂ ಅವರ ದನಿ ನಿಜವಾಗಿ ನೊಂದಿತ್ತು.

ಮರುವರ್ಷದ ಮಳೆಗಾಲದಲ್ಲಿ ತಾಳಗುಂದದ ಕಡೆಯ ಲೈನಿನ ಹೊಣೆ ನನ್ನ ಪಾಲಿಗೆ ಬಂತು. ಗಾಳಿಗೆ ಕೊಂಬೆ ತಾಗಿದಾಗಲೆಲ್ಲ ರಿಲೇ ಕರೆಂಟು ಕಡಿಯುತ್ತಿತ್ತು. ಅಕ್ಕಿ ಗಿರಣಿಯ ಶಿವಮೂರ್ತಪ್ಪನವರು ದಿನವೂ ಬಂದು ಕೂಗಾಡುತ್ತಿದ್ದರು. ಅವರ ಕಾಟ ತಪ್ಪಲೆಂದು, ಗುರುಗಳನ್ನು ಕೇಳದೆಯೇ, ನೆಲಕ್ಕೆ ಹರಿಯುವ ಸಣ್ಣ ಕರೆಂಟು ಗಮನಕ್ಕೇ ಬಾರದ ಹಾಗೆ ರಿಲೇಯ ಮಿತಿಯನ್ನು ಏರಿಸಿಬಿಟ್ಟೆ. ನಾಲ್ಕನೆಯ ದಿನ ಮೂಕಮ್ಮ ಎಂಬಾಕೆಯ ಗದ್ದೆಯಲ್ಲಿ ತಂತಿ ಹರಿದು ಬಿತ್ತು. ಕೆಸರಿಗೆ ಇಳಿದ ಕರೆಂಟು ಆ ಮಿತಿಯನ್ನು ಮುಟ್ಟಲಿಲ್ಲ, ರಿಲೇ ಸುಮ್ಮನಿತ್ತು. ಒಂದು ಎತ್ತು ಸತ್ತಿತು. ಉಳುತ್ತಿದ್ದ ಅವಳ ಮಗ ಚೌಡಪ್ಪ ಪ್ರಜ್ಞೆ ತಪ್ಪಿ ಬಿದ್ದವನು ಹೇಗೋ ಉಳಿದ.

ನಾನು ತಪ್ಪೊಪ್ಪಿಕೊಂಡಾಗ ಪಂಚಾಕ್ಷರಪ್ಪನವರು ಬೈಯಲಿಲ್ಲ. "ನಡೀರಿ, ಹೋಗಿ ಹೇಳ್ರಿ," ಎಂದಷ್ಟೇ ಹೇಳಿ ಮರುದಿನ ನನ್ನೊಡನೆ ಬಸ್ಸು ಹತ್ತಿದರು. ಜಗುಲಿಯಲ್ಲಿ ಕೂತ ಮೂಕಮ್ಮ ನನ್ನ ಮಾತನ್ನೆಲ್ಲ ಕೇಳಿ ಕೊನೆಗೆ ಕೇಳಿದಳು: "ಬಿದ್ದ ತಂತಿಯಾಗೆ ಕರೆಂಟು ಐತೋ ಇಲ್ಲೋ ಅಂತ ನಮಗೆ ಹೆಂಗೆ ಗೊತ್ತಾಗ್ಬೇಕಪ್ಪಾ? ನೀವು ಓದಿದೋರು, ಹೇಳ್ರಿ."

ಗುರುಗಳು ಕೈಮುಗಿದರು. "ಗೊತ್ತಾಗಲ್ಲ ತಾಯಿ. ಅದಕ್ಕೇ ನಮ್ಮನ್ನ ಇಟ್ಟಿರೋದು. ನಾವು ತಪ್ಪಿದ್ವಿ."

'ನಾವು' ಎಂದರು. ಯಾವ ಬೈಗುಳವೂ ನನ್ನನ್ನು ಅಷ್ಟು ಸುಟ್ಟಿಲ್ಲ.

೧೯೫೯ರ ಆರಂಭದಲ್ಲಿ ತರಬೇತಿ ದೊಡ್ಡ ಊರಿಗೆ ಹೋಯಿತು. ಪದವಿಯಿಲ್ಲದ ಮೇಷ್ಟ್ರು ಅಲ್ಲಿ ಬೇಡವೆಂದಾಯಿತು; ಅವರು ನಿವೃತ್ತಿ ಪಡೆದು ಸ್ವಂತ ಊರು ಸೊರಬಕ್ಕೆ ಹೋದರು. ನನಗೆ ದೂರದ ಊರಿಗೆ ವರ್ಗವಾಯಿತು. ಅಲ್ಲಿ ಒಂದೊಂದು ಲೆಕ್ಕಕ್ಕೆ ಸಹಿ ಹಾಕುವಾಗಲೂ ಯಾರಾದರೂ ತಡೆದು ಕೇಳಬಾರದೆ ಎಂದು ಜೀವ ಹಾತೊರೆಯುತ್ತಿತ್ತು. ಯಾರೂ ಕೇಳುತ್ತಿರಲಿಲ್ಲ; ನನ್ನ ಮಾತೇ ಅಲ್ಲಿ ಕೊನೆಯದಾಗಿತ್ತು. ಆ ಡಿಸೆಂಬರಿನಲ್ಲಿ ರಜೆ ಹಾಕಿ ಸೊರಬಕ್ಕೆ ಹೋದೆ. ಒಂದು ತಿಂಗಳು ತಡವಾಗಿತ್ತು; ಅವರು ತೀರಿಹೋಗಿದ್ದರು.

ಅವರ ಪತ್ನಿ ನೀಲಾಂಬಿಕಮ್ಮ ನೀರು ಕೊಟ್ಟು, ಗೋಡೆಗೊರಗಿ ನಿಂತು ಹೇಳಿದರು: "ಜೂನ್ ತಿಂಗಳು ಪೂರ್ತಿ ಅಂಚೆಯವನ ದಾರಿ ನೋಡಿದ್ರು ಕಣಪ್ಪ, ಹೊಸ ಹುಡುಗರ ಪಟ್ಟಿ ಬರ್ತದೆ ಅಂತ. ಬಂದ್ರೆ ಕೂರೋಕೆ ಜಾಗ ಬೇಕು ಅಂತ ಈ ಪಡಸಾಲೆ ಖಾಲಿ ಮಾಡಿಸಿದ್ರು."

ಆ ಬರಿದಾದ ಪಡಸಾಲೆಯಲ್ಲಿ ನಾನೊಬ್ಬನೇ ಬಹಳ ಹೊತ್ತು ಕೂತಿದ್ದೆ.

ಕೆಡುಕನ್ನು ತಡೆಯುವ ವಿದ್ಯೆ ಕಲಿಸುವವರ ಪಾಡು ಇಷ್ಟೇ ಏನೋ. ಸೇತುವೆ ಕಟ್ಟಿಸಿದವರ ಹೆಸರಾದರೂ ಕಲ್ಲಿನ ಮೇಲೆ ಉಳಿಯುತ್ತದೆ. ಇವರು ಗೆದ್ದ ದಿನ ಊರಿನಲ್ಲಿ ಏನೂ ನಡೆದಿರುವುದೇ ಇಲ್ಲ, ಜನ ಎಂದಿನಂತೆ ಉಂಡು ಮಲಗಿರುತ್ತಾರೆ. ಅಂಥವರನ್ನು ಲೋಕ ಮರೆತರೆ ಅದರ ತಪ್ಪೆನ್ನಲಾರೆ. ಅವರ ಕೈಯಲ್ಲಿ ತಿದ್ದಿಸಿಕೊಂಡ ನಾವು ನಾಲ್ಕಾರು ಮಂದಿ ಮಾತ್ರ, ತಿದ್ದುವವರು ಇಲ್ಲವಾದ ಮೇಲೆ, ಬದುಕಿರುವಷ್ಟು ದಿನವೂ ಅವರಿಗಾಗಿ ಹಂಬಲಿಸುತ್ತೇವೆ.